ಸೆರೆಯಿಂದ ಮರಳಿ ಮಂದಿರ ಕಟ್ಟಿದ ಸಾಮ್ಯುಯೆಲ್ ದಿವೇಕರರು

ಮುಂಬಯಿಯಲ್ಲಿರುವ ನಮ್ಮ ಬಂಧುಗಳಲ್ಲಿ ಮಸ್ಜಿದ್ ಬಂದರ್ ಸ್ಟೇಶನ್ನನ್ನು ಅರಿಯದವರು ವಿರಳ. ಮಸಾಲೆ, ಒಣಹಣ್ಣುಗಳ ಖರೀದಿಗಾಗಿ ಹೊಟೇಲಿನವರು ಆ ಪೇಟೆಗೆ ಹೋಗುವುದು ವಾಡಿಕೆ. ಆದರೆ ಆ ಹೆಸರು ಬಂದುದು ಮುಸಲ್ಮಾನರ ಮಸೀದಿಯಿಂದಲ್ಲ, ಯೆಹೂದ್ಯರ ಪ್ರಾರ್ಥನಾಮಂದಿರದಿಂದ ಎಂಬ ಹೇಳಿಕೆಯನ್ನು ಬಲ್ಲವರು ಕಡಿಮೆ. ಆ ಮಂದಿರವನ್ನು ಕಟ್ಟಿಸಿದ ಪುಣ್ಯಪುರುಷರನ್ನು ನಾವಿಂದು ಸ್ಮರಿಸುತ್ತೇವೆ.

ಸಾಮ್ಯುಯೆಲ್ ಎಝೆಕಿಯೆಲ್ ದಿವೇಕರರು ಬೆನೆ ಇಸ್ರೇಲ್ ಎಂಬ ಯೆಹೂದ್ಯ ಜನಾಂಗದವರು. ತಮ್ಮವರಲ್ಲಿ ಅವರಿಗೆ ಸಾಮಾಜಿ ಹಸಾಜಿ ಎಂಬ ಹೆಸರೂ ಇದ್ದಿತು. ಈ ಜನರು ಶತಮಾನಗಳ ಕಾಲ ಕೊಂಕಣದ ಹಳ್ಳಿಗಳಲ್ಲಿ ಮರಾಠಿಯನ್ನಾಡುತ್ತ, ಗಾಣದಿಂದ ಎಣ್ಣೆ ತೆಗೆದು ಜೀವಿಸಿದರು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ನೆರೆಹೊರೆಯವರು ಅವರನ್ನು ಶನಿವಾರ ತೇಲಿಗಳೆಂದು ಕರೆದರು. ಧರ್ಮಗ್ರಂಥ ಕೈಯಲ್ಲಿಲ್ಲದಿದ್ದರೂ ಶನಿವಾರದ ವಿಶ್ರಾಂತಿ, ಆಹಾರದ ನಿಯಮ, ಒಂದು ಪ್ರಾರ್ಥನೆ, ಇಷ್ಟನ್ನು ಅವರು ಬಿಡಲಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಹೊಟ್ಟೆಪಾಡಿಗಾಗಿ ಅವರಲ್ಲಿ ಹಲವರು ಮುಂಬಯಿಗೆ ಬಂದು ಈಸ್ಟ್ ಇಂಡಿಯಾ ಕಂಪೆನಿಯ ಸೈನ್ಯವನ್ನು ಸೇರಿದರು. ದಿವೇಕರರೂ ಹಾಗೆಯೇ ಸೇರಿ ಅಧಿಕಾರಿಯ ಪದವಿಗೇರಿದರು.

1780ರಿಂದ 1784ರವರೆಗೆ ಮೈಸೂರಿಗೂ ಇಂಗ್ಲಿಷರಿಗೂ ಎರಡನೆಯ ಯುದ್ಧ ನಡೆಯಿತು. ಅದರಲ್ಲಿ ದಿವೇಕರರು ತಮ್ಮ ಸೋದರ ಐಸಾಕ್ ಹಾಗೂ ಇತರರೊಡನೆ ಟಿಪ್ಪು ಸುಲ್ತಾನನ ಕೈಸೆರೆಯಾದರು. ಮರಣದಂಡನೆ ಕಾದಿತ್ತು. ಆಗ ಸುಲ್ತಾನನ ತಾಯಿ ಅವರ ಜಾತಿ ಯಾವುದೆಂದು ವಿಚಾರಿಸಿದರೆಂದೂ, ಖುರಾನಿನಲ್ಲಿ ಹೆಸರು ಬಂದಿರುವ ಇಸ್ರೇಲಿನ ಮಕ್ಕಳು ಇವರೇ ಎಂದು ತಿಳಿದು ಪ್ರಾಣದಾನ ಮಾಡಿಸಿದರೆಂದೂ ಬೆನೆ ಇಸ್ರೇಲರಲ್ಲಿ ಪ್ರತೀತಿಯಿದೆ. ನಮ್ಮ ನಾಡಿಗೆ ಶತ್ರುಸೈನಿಕರಾಗಿ ಬಂದವರನ್ನು ನಮ್ಮ ನಾಡಿನ ಒಬ್ಬ ತಾಯಿ ಉಳಿಸಿದಳೆಂದು ಆ ಜನ ಇಂದಿಗೂ ಹೇಳುವುದು ನಮಗೆ ಹೆಮ್ಮೆಯ ಸಂಗತಿ.

ಬದುಕಿ ಊರು ಸೇರಿದರೆ ದೇವರಿಗೆ ಮಂದಿರ ಕಟ್ಟಿಸುವೆನೆಂದು ದಿವೇಕರರು ಹರಕೆ ಹೊತ್ತಿದ್ದರಂತೆ. ಸಂಕಟದಲ್ಲಿ ಹರಕೆ ಹೊರುವವರು ಅನೇಕರು. ಸಂಕಟ ಕಳೆದ ಮೇಲೆ ನೆನೆಯುವವರು ಕೆಲವರೇ. ದಿವೇಕರರು ಮರೆಯಲಿಲ್ಲ. 1796ರಲ್ಲಿ ಮಾಂಡವಿಯಲ್ಲಿ ಮಂದಿರವೆದ್ದಿತು. ಮುಂಬಯಿಯಲ್ಲಿ ಅದುವೇ ಮೊದಲನೆಯ ಯೆಹೂದ್ಯ ಮಂದಿರ. ಹಿಬ್ರೂವಿನಲ್ಲಿ ಅದರ ಹೆಸರು ಶಾರ್ ಹಾರಹಮೀಮ್, ಅಂದರೆ ಕರುಣೆಯ ದ್ವಾರ. ಜನರು ಕರೆದುದು ಜೂನಿ ಮಸ್ಜಿದ್, ಹಳೆಯ ಮಸೀದಿ ಎಂದು.

ಅವರು ಪುರೋಹಿತರಲ್ಲ, ಶಾಸ್ತ್ರಪಂಡಿತರೂ ಅಲ್ಲ, ಸಿಪಾಯಿಗಳು. ಆದರೂ ಗೋಡೆ ಎದ್ದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ಅವರು ಭಾವಿಸಲಿಲ್ಲ. ಯೆಹೂದ್ಯರ ಪದ್ಧತಿಯಂತೆ ಹತ್ತು ಮಂದಿ ವಯಸ್ಕ ಪುರುಷರು ಕೂಡಿದರೆ ಸಾಮೂಹಿಕ ಪ್ರಾರ್ಥನೆ ಎಲ್ಲಿಯಾದರೂ ನಡೆದೀತು. ಆದರೆ ತೋರಾದ ಪಾರಾಯಣಕ್ಕೆ ಚರ್ಮಪತ್ರದ ಮೇಲೆ ಕೈಯಿಂದ ಬರೆದ ಸುರುಳಿಯೇ ಬೇಕು. ಅದು ಇದ್ದುದು ಕೊಚ್ಚಿಯ ಯೆಹೂದ್ಯರಲ್ಲಿ. ಅರವತ್ತು ದಾಟಿದ್ದ ದಿವೇಕರರು ಅದನ್ನು ತರಲೆಂದು ಕೊಚ್ಚಿಗೆ ಹೊರಟರು. 1797ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ಸಮಾಧಿಯೂ ಅಲ್ಲಿಯೇ ಆಯಿತು. ತಾವು ಕಟ್ಟಿಸಿದ ಮಂದಿರಕ್ಕೆ ಅವರು ಮರಳಲಿಲ್ಲ.

ಮಂದಿರದ ಇಂದಿನ ಕಟ್ಟಡ 1860ರದು. ಅದು ನಿಂತಿರುವ ಬೀದಿಗೆ ದಿವೇಕರರ ನೆನಪಿನಲ್ಲಿಯೇ ಸಾಮ್ಯುಯೆಲ್ ಸ್ಟ್ರೀಟ್ ಎಂಬ ಹೆಸರಾಯಿತೆಂದು ಹೇಳುತ್ತಾರೆ. 1948ರಲ್ಲಿ ಇಸ್ರೇಲ್ ರಾಜ್ಯ ಸ್ಥಾಪನೆಯಾದ ಬಳಿಕ ಬೆನೆ ಇಸ್ರೇಲರಲ್ಲಿ ಬಹುಮಂದಿ ಅಲ್ಲಿಗೆ ತೆರಳಿದರು. ಇಲ್ಲಿ ಉಳಿದವರು ಅಲ್ಪಸಂಖ್ಯಾತರು.

ಊರು ಬಿಟ್ಟು ಬಂದವರಿಗೆ ಮೊದಲು ಬೇಕಾದುದು ಅನ್ನ, ಅನಂತರ ತಲೆಯ ಮೇಲೊಂದು ಸೂರು. ಅವೆರಡೂ ದೊರೆತ ಮೇಲೆ ತಮ್ಮವರು ಒಂದೆಡೆ ಕೂಡಲು ಒಂದು ಸ್ಥಾನವೂ, ಮಕ್ಕಳಿಗೆ ಓದಿಸಲು ಒಂದು ಗ್ರಂಥವೂ ಬೇಕೆಂದು ಯಾರಾದರೂ ಒಬ್ಬರು ನೆನೆಯಬೇಕಾಗುತ್ತದೆ. ದಿವೇಕರರು ನೆನೆದರು, ತಮ್ಮ ದುಡಿಮೆಯನ್ನು ಅದಕ್ಕೆ ಸುರಿದರು. ಮುಂದಿನ ಸಲ ಲೋಕಲಿನಲ್ಲಿ ಮಸ್ಜಿದ್ ಎಂಬ ಹೆಸರನ್ನು ಕೇಳಿದಾಗ, ಶ್ರೀರಂಗಪಟ್ಟಣದ ಸುಲ್ತಾನನ ಸೆರೆಯಿಂದ ಬಂದ ಈ ಸಿಪಾಯಿಯನ್ನು ನಮ್ಮ ಓದುಗರು ಒಂದು ಕ್ಷಣ ನೆನೆಯಲಿ.