ಹುಡುಕಿದವರಿಗೆ ಸಿಗಬೇಕು: ಎಸ್. ಆರ್. ರಂಗನಾಥನ್

ಮೊದಲು ನಮ್ಮದೇ ಒಂದು ತಪ್ಪನ್ನ ಒಪ್ಪಿಕೊಂಡುಬಿಡ್ತೀವಿ. ಕಳೆದ ಸೆಮಿಸ್ಟರಿನಲ್ಲಿ ಜೂನಿಯರ್ ಒಬ್ಬಳು ಕಾಂಕ್ರೀಟ್ ಕ್ಯೂರಿಂಗ್ ಬಗ್ಗೆ ಕನ್ನಡದಲ್ಲಿ ಏನಾದರೂ ಇದೆಯಾ ಅಂತ ನೆಟ್‌ನಲ್ಲಿ ಹುಡುಕಿದಳು. ಏನೂ ಸಿಗಲಿಲ್ಲ. ಅದೇ ವಿಷಯದ ಮೇಲೆ ನಮ್ಮ ಸೀನಿಯರ್ ಒಬ್ಬರು ಬರೆದ ಚಂದದ ಲೇಖನ ನಮ್ಮ ಪತ್ರಿಕೆಯಲ್ಲೇ ಇತ್ತು! ಪುಟದ ಹೆಸರು ಬರೀ ‘ಲೇಖನ 7’. ಬೇರೆ ಯಾವ ಪುಟದಿಂದಲೂ ಅದಕ್ಕೊಂದು ಲಿಂಕ್ ಇರಲಿಲ್ಲ. ಬರೆದವರ ಶ್ರಮ ಇದ್ದೂ ಇಲ್ಲದ ಹಾಗಾಗಿತ್ತು.

ಇದೇ ಸಂಕಟವನ್ನು ನೂರು ವರ್ಷಗಳ ಹಿಂದೆ, ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ಒಬ್ಬ ಗಣಿತದ ಮೇಷ್ಟ್ರು ತಲೆಗೆ ಹಚ್ಚಿಕೊಂಡಿದ್ದರು. ಅವರೇ ಶಿಯಾಳಿ ರಾಮಾಮೃತ ರಂಗನಾಥನ್.

ಹುಟ್ಟಿದ್ದು 1892ರಲ್ಲಿ, ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ. ಚಿಕ್ಕ ವಯಸ್ಸಿಗೇ ತಂದೆ ತೀರಿಕೊಂಡರು. ಮಾತಾಡುವಾಗ ತೊದಲುತ್ತಿತ್ತು. ಆದರೂ ಆರಿಸಿಕೊಂಡದ್ದು ದಿನವಿಡೀ ಮಾತಾಡಲೇಬೇಕಾದ ಕೆಲಸವನ್ನೇ! ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತ ಎಂ.ಎ. ಮುಗಿಸಿ, 1917ರಲ್ಲಿ ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜಿಗೆ ಮೇಷ್ಟ್ರಾಗಿ ಬಂದರು. ಆಮೇಲೆ ಕೊಯಮತ್ತೂರು, ಅಲ್ಲಿಂದ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು. ಪಾಠ ಹೇಳೋದು ಅಂದ್ರೆ ಅವರಿಗೆ ಪ್ರಾಣ. ಸಂಬಳ ಮಾತ್ರ ಕಡಿಮೆ.

ಅದಕ್ಕೇ, ಮದ್ರಾಸ್ ವಿಶ್ವವಿದ್ಯಾಲಯ ಮೊದಲ ಬಾರಿಗೆ ಗ್ರಂಥಪಾಲಕರ ಹುದ್ದೆ ಸೃಷ್ಟಿಸಿದಾಗ ಅರ್ಜಿ ಹಾಕಿದರು. 1924ರ ಜನವರಿಯಲ್ಲಿ ಕೆಲಸಕ್ಕೆ ಸೇರಿದರು. ಸೇರಿದ ಕೆಲವೇ ದಿನಕ್ಕೆ ಬೇಜಾರು ಹಿಡೀತು. ಕ್ಲಾಸಿನ ಗಲಾಟೆಯಿಲ್ಲ, ಪ್ರಶ್ನೆ ಕೇಳೋ ಹುಡುಗರಿಲ್ಲ, ಓದುಗರೇ ಅಪರೂಪ. ತಮ್ಮನ್ನು ವಾಪಸ್ ಕಾಲೇಜಿಗೆ ಕಳಿಸಿಬಿಡಿ ಅಂತ ಮೇಲಿನವರಿಗೆ ದುಂಬಾಲು ಬಿದ್ದರು. ಕೊನೆಗೆ ಒಂದು ಒಪ್ಪಂದವಾಯಿತು: ಮೊದಲು ಲಂಡನ್ನಿಗೆ ಹೋಗಿ ಗ್ರಂಥಾಲಯ ವಿಜ್ಞಾನ ಓದಿ ಬರೋದು, ಆಗಲೂ ಮನಸ್ಸು ಕೂಡದಿದ್ದರೆ ಹಳೇ ಕೆಲಸ ಕಾದಿರುತ್ತೆ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಬರ್ವಿಕ್ ಸೇಯರ್ಸ್ ಅವರಿಗೆ ವರ್ಗೀಕರಣದ ಗುರುಗಳಾದರು. ಆಗ ಎಲ್ಲೆಡೆ ಹೆಸರು ಮಾಡಿದ್ದು ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ಪದ್ಧತಿ. ಅದರಲ್ಲಿ ಒಂದೊಂದು ವಿಷಯಕ್ಕೂ ಮೊದಲೇ ಗೊತ್ತು ಮಾಡಿದ ಒಂದು ಸಂಖ್ಯೆ. ಪಾರ್ಕಿಂಗ್ ಜಾಗದಲ್ಲಿ ಗೆರೆ ಎಳೆದು ಇಟ್ಟಿರ್ತಾರಲ್ಲ, ಹಾಗೆ. ಆದರೆ ಎರಡು ಮೂರು ವಿಷಯ ಬೆರೆತ ಪುಸ್ತಕ ಬಂದರೆ? ನಾಳೆ ಹೊಸ ವಿಷಯವೇ ಹುಟ್ಟಿದರೆ? ಗಣಿತದ ಮೇಷ್ಟ್ರಿಗೆ ಇದು ಒಗ್ಗಲಿಲ್ಲ.

ಉತ್ತರ ಸಿಕ್ಕಿದ್ದು ಆಟಿಕೆಯಲ್ಲಿ. ಸೆಲ್ಫ್ರಿಡ್ಜಸ್ ಅಂಗಡಿಯಲ್ಲಿ ಅವರು ಮೆಕ್ಯಾನೋ ಸೆಟ್ ನೋಡಿದರು. ಅವೇ ಪಟ್ಟಿ, ಅವೇ ನಟ್ಟು-ಬೋಲ್ಟು. ಒಂದು ಸಲ ಜೋಡಿಸಿದರೆ ಕ್ರೇನು, ಇನ್ನೊಂದು ಸಲ ಗಾಡಿ. ವಿಷಯಗಳನ್ನೂ ಹೀಗೇ ಬಿಡಿಭಾಗಗಳಿಂದ ಜೋಡಿಸಬಹುದಲ್ಲ ಅಂತ ಹೊಳೆಯಿತು. ಜೋಡಿಸೋ ಬೋಲ್ಟಾಗಿ ಅವರು ಆರಿಸಿಕೊಂಡದ್ದು ಕೋಲನ್, ಅಂದರೆ ನಾವು ಎರಡು ಚುಕ್ಕಿ ಇಡ್ತೀವಲ್ಲ, ಅದೇ ಚಿಹ್ನೆ. 1925ರಲ್ಲಿ ಊರಿಗೆ ಮರಳಿದ ಮೇಲೆ ಹಳೇ ಕೆಲಸದ ಮಾತೇ ಎತ್ತಲಿಲ್ಲ. ಕೋಲನ್ ವರ್ಗೀಕರಣ 1933ರಲ್ಲಿ ಪುಸ್ತಕವಾಗಿ ಬಂತು.

ಒಂದು ಉದಾಹರಣೆ ನೋಡಿ. ಶ್ವಾಸಕೋಶದ ಕ್ಷಯಕ್ಕೆ ಎಕ್ಸ್-ರೇ ಚಿಕಿತ್ಸೆಯ ಬಗ್ಗೆ 1950ರಲ್ಲಿ ಭಾರತದಲ್ಲಿ ನಡೆದ ಸಂಶೋಧನೆಯ ಪುಸ್ತಕ ಅಂದುಕೊಳ್ಳಿ. ರಂಗನಾಥನ್ ಇದನ್ನು ಬಿಡಿಸುತ್ತಾರೆ: ವೈದ್ಯಶಾಸ್ತ್ರ, ಶ್ವಾಸಕೋಶ, ಕ್ಷಯ, ಚಿಕಿತ್ಸೆ, ಎಕ್ಸ್-ರೇ, ಸಂಶೋಧನೆ, ಭಾರತ, 1950. ಒಂದೊಂದಕ್ಕೂ ಒಂದು ಗುರುತು, ಮಧ್ಯೆ ಬೋಲ್ಟು. ಮುಂದೆ ಈ ಬಿಡಿಭಾಗಗಳನ್ನೆಲ್ಲ ಐದು ಮುಖಗಳಲ್ಲಿ ಅಡಕ ಮಾಡಿದರು: ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ. ಇವತ್ತು ಆನ್‌ಲೈನ್ ಅಂಗಡಿಯಲ್ಲಿ ಶೂ ಹುಡುಕುವಾಗ ಸೈಜು, ಬಣ್ಣ, ಬೆಲೆ ಅಂತ ಪಕ್ಕದಲ್ಲಿ ಟಿಕ್ ಮಾಡ್ತೀವಲ್ಲ, ಅದೂ ಒಂದೇ ವಸ್ತುವನ್ನು ಹಲವು ಮುಖಗಳಿಂದ ನೋಡುವ ಇದೇ ಬಗೆ.

ಜೋಡಿಸಿ ಇಟ್ಟರೆ ಸಾಕೇ? ಓದುಗ ಯಾವ ಬಾಗಿಲಿನಿಂದ ಬರ್ತಾನೋ ಯಾರಿಗೆ ಗೊತ್ತು? ಕ್ಷಯ ಅಂತ ಹುಡುಕಬಹುದು, ಎಕ್ಸ್-ರೇ ಅಂತಲೂ ಹುಡುಕಬಹುದು. ಅದಕ್ಕೆ ಅವರು ಸರಪಳಿ ಸೂಚಿ ಅನ್ನೋ ವಿಧಾನ ರೂಪಿಸಿದರು. ಸರಪಳಿಯ ಒಂದೊಂದು ಕೊಂಡಿಯನ್ನೂ ಹಿಡಿದು, ಅಲ್ಲಿಂದ ಹಿಂದಕ್ಕೆ ಮೂಲ ಶಾಸ್ತ್ರದವರೆಗೆ ಹೆಸರು ಬರೆಯೋದು: ಕ್ಷಯ, ಶ್ವಾಸಕೋಶ, ವೈದ್ಯಶಾಸ್ತ್ರ. ಯಾವ ಕೊಂಡಿಯಿಂದ ಒಳಗೆ ಬಂದರೂ ತಾನು ಎಲ್ಲಿದ್ದೇನೆ, ಇದರ ಮೇಲೆ ಏನಿದೆ ಅಂತ ಓದುಗನಿಗೆ ಗೊತ್ತಾಗುತ್ತೆ. ವೆಬ್‌ಸೈಟಿನ ಪುಟದ ನೆತ್ತಿಯ ಮೇಲೆ ‘ಮುಖಪುಟ, ಸಿವಿಲ್, ಕಾಂಕ್ರೀಟ್’ ಅಂತ ದಾರಿ ಬರೆದಿರ್ತದಲ್ಲ, ಅದು ಮಾಡೋ ಕೆಲಸವೂ ಇದೇ.

ಇಷ್ಟೆಲ್ಲ ಯಾಕೆ ಅನ್ನೋದಕ್ಕೆ ಉತ್ತರ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿದೆ. ಪುಸ್ತಕ ಇರೋದು ಬಳಕೆಗೆ, ಬೀಗ ಹಾಕಿಡೋಕಲ್ಲ. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು. ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು. ಓದುಗನ ಸಮಯ ಉಳಿಸಬೇಕು. ಗ್ರಂಥಾಲಯ ಬೆಳೆಯುತ್ತಲೇ ಇರೋ ಜೀವಿ. ಬರೀ ಬರೆದು ಕೂರಲಿಲ್ಲ. ಮದ್ರಾಸಿನ ಗ್ರಂಥಾಲಯದಲ್ಲಿ ಓದುಗರು ತಾವೇ ಕಪಾಟಿನವರೆಗೆ ಹೋಗಿ ಪುಸ್ತಕ ಆರಿಸೋ ಹಾಗೆ ಮಾಡಿದರು. 1948ರ ಮದ್ರಾಸ್ ಸಾರ್ವಜನಿಕ ಗ್ರಂಥಾಲಯ ಕಾಯ್ದೆಗಾಗಿ ವರ್ಷಗಟ್ಟಲೆ ದುಡಿದರು.

ಮದ್ರಾಸಿನಲ್ಲಿ ಇಪ್ಪತ್ತು ವರ್ಷ ದುಡಿದ ಮೇಲೆ ಕಾಶಿ, ಆಮೇಲೆ ದೆಹಲಿ, ಒಂದೆರಡು ವರ್ಷ ಜ್ಯೂರಿಕ್. ಉಳಿತಾಯದ ಒಂದು ಲಕ್ಷ ರೂಪಾಯಿಯನ್ನು ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಪತ್ನಿ ಶಾರದಾ ಅವರ ಹೆಸರೂ ಸೇರಿದ ಪೀಠಕ್ಕೆ ಕೊಟ್ಟುಬಿಟ್ಟರು. 1957ರಲ್ಲಿ ಬೆಂಗಳೂರಿಗೆ ಬಂದರು. ನಿವೃತ್ತರ ಊರು ಅಂತ ಹೆಸರಾಗಿದ್ದ ಬೆಂಗಳೂರಿನಲ್ಲಿ ಅವರೇನೂ ಸುಮ್ಮನೆ ಕೂರಲಿಲ್ಲ. 1962ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ ಡಿಆರ್‌ಟಿಸಿ ಅನ್ನೋ ಸಂಶೋಧನಾ ಕೇಂದ್ರ ಕಟ್ಟಿದರು. ಅದು ಈಗಲೂ ಮೈಸೂರು ರಸ್ತೆಯ ಕ್ಯಾಂಪಸ್ಸಿನಲ್ಲಿದೆ. ಮುಂದಿನ ಸಲ ಆ ಕಡೆ ಬಸ್ಸಿನಲ್ಲಿ ಹೋಗುವಾಗ ನೆನೆಸಿಕೊಳ್ಳಿ. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲೇ ತೀರಿಕೊಂಡರು. ಅವರ ಹುಟ್ಟಿದ ದಿನವೆಂದು ಆಗಸ್ಟ್ 12ರಂದು ದೇಶದಲ್ಲಿ ಗ್ರಂಥಪಾಲಕರ ದಿನ ಆಚರಿಸ್ತಾರೆ.

ರಂಗನಾಥನ್ ಸರ್ಚ್ ಎಂಜಿನ್ ಕಂಡುಹಿಡಿದರು ಅಂತ ನಾವೇನೂ ಬಡಾಯಿ ಕೊಚ್ಚಲ್ಲ. ಆದರೆ ಸರ್ಚ್ ಎಂಜಿನ್ನಿನ ಕ್ರಾಲರ್ ಕೂಡ ಒಂಥರಾ ಓದುಗನೇ. ಒಂದು ಪುಟದ ಲಿಂಕ್ ಹಿಡಿದು ಇನ್ನೊಂದಕ್ಕೆ ನಡೆಯುತ್ತೆ. ಲಿಂಕೇ ಇಲ್ಲದ ಅನಾಥ ಪುಟಕ್ಕೆ ಅದು ದಾರಿ ಕಾಣದೆ ಹೋಗಬಹುದು. ಲಿಂಕಿನ ಮೇಲೆ ‘ಇಲ್ಲಿ ಒತ್ತಿ’ ಅಂತಷ್ಟೇ ಇದ್ದರೆ ಆಚೆ ಏನಿದೆ ಅನ್ನೋದು ಅದಕ್ಕೂ ತಿಳಿಯಲ್ಲ, ನಮಗೂ ತಿಳಿಯಲ್ಲ.

ಹಾಗಾಗಿ ಈ ರಜೆಯಲ್ಲಿ ನಾವು ಕ್ಲಬ್ಬಿನವರೆಲ್ಲ ಕೂತು ಹಳೇ ಸಂಚಿಕೆ ಬಿಚ್ಚಿದ್ವಿ. ಪ್ರತಿ ಲೇಖನಕ್ಕೂ ವಿಷಯ ಹೇಳೋ ಹೆಸರು ಕೊಟ್ವಿ. ಸಿವಿಲ್, ಮೆಕ್ಯಾನಿಕಲ್, ಕಥೆ, ಪ್ರವಾಸ ಅಂತ ವಿಭಾಗ ಮಾಡಿದ್ವಿ. ಒಂದಕ್ಕೊಂದು ನಂಟಿರೋ ಲೇಖನಗಳ ಕೊನೆಯಲ್ಲಿ ‘ಇದನ್ನೂ ಓದಿ’ ಅಂತ ಲಿಂಕ್ ಕೊಟ್ವಿ. ‘ಲೇಖನ 7’ ಈಗ ‘ಕಾಂಕ್ರೀಟಿಗೆ ನೀರುಣಿಸೋದು ಯಾಕೆ?’ ಆಗಿದೆ. ಮೊನ್ನೆ ಆ ಜೂನಿಯರ್ ಮತ್ತೆ ಹುಡುಕಿದಳು. ಈ ಸಲ ಸಿಕ್ತು. ಬರೆದ ಸೀನಿಯರ್‌ಗೆ ಫೋನ್ ಮಾಡಿ ಎರಡು ಡೌಟ್ ಕೂಡ ಕೇಳಿದಳಂತೆ.