ದೂರವಾಣಿಯ ಗಣಿತಜ್ಞ ಎರ್ಲಾಂಗ್

ಡೆನ್ಮಾರ್ಕ್ ಯುರೋಪ್ ಖಂಡದ ಒಂದು ಚಿಕ್ಕ ದೇಶ. ಅಲ್ಲಿನ ಲೋನ್‌ಬೋರ್ಗ್ ಎಂಬ ಹಳ್ಳಿಯಲ್ಲಿ 1878ರ ಜನವರಿ 1ರಂದು ಆಗ್ನರ್ ಕ್ರಾರುಪ್ ಎರ್ಲಾಂಗ್ ಜನಿಸಿದರು. ತಂದೆ ಆ ಹಳ್ಳಿಯ ಶಾಲಾ ಮಾಸ್ತರರು. ಸಂಜೆ ಅಣ್ಣನು ಪುಸ್ತಕ ಹಿಡಿದು ಓದಲು ಕುಳಿತರೆ, ಬಾಲಕ ಆಗ್ನರ್ ಅವನ ಎದುರಿಗೆ ಕುಳಿತು ಅದೇ ಪುಸ್ತಕವನ್ನು ತಲೆಕೆಳಗಾಗಿ ಓದುತ್ತಿದ್ದನು! ನೀವೂ ಒಮ್ಮೆ ಹಾಗೆ ಓದಿ ನೋಡಿ.

ಆಗ್ನರನಿಗೆ 14 ವರ್ಷವಾದಾಗ ವಿಶೇಷ ಅನುಮತಿ ಪಡೆದು ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಪೂರ್ವಭಾವಿ ಪರೀಕ್ಷೆಗೆ ಕುಳಿತು ತೇರ್ಗಡೆಯಾದನು. ಬಳಿಕ ಎರಡು ವರ್ಷ ತಂದೆಯ ಶಾಲೆಯಲ್ಲಿಯೇ ಪಾಠ ಹೇಳಿದನು. ಮುಂದೆ ಗಣಿತ ಕಲಿತು 1901ರಲ್ಲಿ ಪದವೀಧರರಾದರು. ಕೆಲವು ವರ್ಷ ಶಿಕ್ಷಕರಾಗಿದ್ದು, 1908ರಲ್ಲಿ ಕೋಪನ್‌ಹೇಗನ್ ದೂರವಾಣಿ ಕಂಪನಿಯನ್ನು ಸೇರಿದರು.

ಆ ಕಾಲದಲ್ಲಿ ದೂರವಾಣಿ ಕೇಂದ್ರದ ನೌಕರರು ಒಂದು ತಂತಿಯನ್ನು ಇನ್ನೊಂದಕ್ಕೆ ಕೈಯಿಂದಲೇ ಜೋಡಿಸಿಕೊಡಬೇಕಿತ್ತು. ತಂತಿಗಳು ಕಡಿಮೆಯಾದರೆ ಜನರಿಗೆ ಮಾತನಾಡಲು ಸಿಗದು. ಹೆಚ್ಚಾದರೆ ಹಣ ವ್ಯರ್ಥ. ಹಾಗಾದರೆ ಎಷ್ಟು ತಂತಿಗಳು ಬೇಕು?

ಒಂದು ಗಂಟೆಯಲ್ಲಿ 20 ಜನರು ತಲಾ 3 ನಿಮಿಷ ಮಾತನಾಡಬೇಕು ಎನ್ನಿ. ಒಟ್ಟು 60 ನಿಮಿಷ. ಒಂದೇ ತಂತಿ ಸಾಕಲ್ಲವೇ? ಸಾಲದು. ಜನರು ಒಬ್ಬರಾದ ಮೇಲೊಬ್ಬರು ಹೇಳಿಕೇಳಿ ಕರೆ ಮಾಡುವುದಿಲ್ಲ. ಒಮ್ಮೆ ನಾಲ್ವರು ಒಟ್ಟಿಗೆ ಕರೆ ಮಾಡುತ್ತಾರೆ, ಇನ್ನೊಮ್ಮೆ ಯಾರೂ ಇರುವುದಿಲ್ಲ. ಕರೆಗಳು ಹೀಗೆ ಮನಬಂದಂತೆ ಬಂದರೂ ಅವುಗಳ ಸಂಖ್ಯೆಗೆ ಒಂದು ನಿಯಮವಿದೆ ಎಂದು ಎರ್ಲಾಂಗರು 1909ರಲ್ಲಿ ತೋರಿಸಿದರು. ಎಷ್ಟು ಕರೆಗಳು ತಪ್ಪುತ್ತವೆ, ಎಷ್ಟು ಹೊತ್ತು ಕಾಯಬೇಕಾಗುತ್ತದೆ ಎಂದು ತಿಳಿಸುವ ಸೂತ್ರಗಳನ್ನು 1917ರಲ್ಲಿ ಪ್ರಕಟಿಸಿದರು. ಅವರ ಲೆಕ್ಕದಂತೆ ಒಂದೇ ತಂತಿಯಿದ್ದರೆ ಆ 20 ಕರೆಗಳಲ್ಲಿ ಸರಾಸರಿ 10 ತಪ್ಪಿಹೋಗುತ್ತವೆ. ಎರಡು ತಂತಿಗಳಿದ್ದರೆ 4. ಮೂರಿದ್ದರೆ ಸುಮಾರು 1 ಮಾತ್ರ!

ಸರದಿಯ ಸಾಲಿನ ಈ ಗಣಿತವನ್ನು ಮುಂದೆ ಬೇರೆಯವರು ಬೆಳೆಸಿದರು. ಇಂದು ಒಂದೇ ತಂತಿಯಲ್ಲಿ ಮಾತು, ಪತ್ರ, ಚಿತ್ರ ಎಲ್ಲವೂ ಚಿಕ್ಕ ಚಿಕ್ಕ ತುಣುಕುಗಳಾಗಿ ಓಡುತ್ತವೆ. ಪತ್ರ ಒಂದು ಕ್ಷಣ ತಡವಾದರೆ ತೊಂದರೆಯಿಲ್ಲ. ಮಾತು ತಡವಾದರೆ ತುಂಡುತುಂಡಾಗಿ ಕೇಳುತ್ತದೆ. ಆದ್ದರಿಂದ ಅನೇಕ ಜಾಲಗಳಲ್ಲಿ, ಬೀದಿಯಲ್ಲಿ ಆಂಬುಲೆನ್ಸಿಗೆ ದಾರಿ ಬಿಡುವಂತೆ, ಮಾತಿನ ತುಣುಕುಗಳನ್ನು ಮೊದಲು ಕಳುಹಿಸುತ್ತಾರೆ. ಆದರೆ ಯಾವಾಗಲೂ ಮಾತಿಗೇ ದಾರಿ ಬಿಟ್ಟರೆ ಪಾಪ, ಪತ್ರದ ಸರದಿ ಬರುವುದೆಂದು? ಅದನ್ನೂ ಲೆಕ್ಕ ಹಾಕಿಯೇ ಜಾಲ ಕಟ್ಟಬೇಕು.

ಎರ್ಲಾಂಗರು ಕುರ್ಚಿಯಲ್ಲಿಯೇ ಕುಳಿತು ಲೆಕ್ಕ ಬರೆದವರಲ್ಲ. ಏಣಿ ಹೊತ್ತ ಕೆಲಸಗಾರನೊಡನೆ ನಗರದ ಬೀದಿಗಳನ್ನು ಸುತ್ತಿ, ನೆಲದಡಿಯ ಗುಂಡಿಗಳಿಗೆ ಇಳಿದು, ತಂತಿಗಳ ಬಳಿ ವಿದ್ಯುತ್ತನ್ನು ಅಳೆಯುತ್ತಿದ್ದರು. ಅವರು ಮದುವೆಯಾಗಲಿಲ್ಲ. ಕಷ್ಟದಲ್ಲಿದ್ದವರು ಅವರನ್ನು ಹುಡುಕಿಕೊಂಡು ಕಚೇರಿಗೇ ಬರುತ್ತಿದ್ದರು. ಎರ್ಲಾಂಗರು ಯಾರಿಗೂ ತಿಳಿಯದಂತೆ ಅವರಿಗೆ ನೆರವಾಗುತ್ತಿದ್ದರು.

ಸುಮಾರು 20 ವರ್ಷ ಅದೇ ಕಂಪನಿಯಲ್ಲಿ ದುಡಿದ ಅವರು, 1929ರ ಫೆಬ್ರವರಿ 3ರಂದು, 51ನೆಯ ವಯಸ್ಸಿನಲ್ಲಿ ತೀರಿಕೊಂಡರು. 1946ರಲ್ಲಿ ದೂರವಾಣಿ ದಟ್ಟಣೆಯನ್ನು ಅಳೆಯುವ ಮಾನಕ್ಕೆ ಎರ್ಲಾಂಗ್ ಎಂದೇ ಹೆಸರಿಡಲಾಯಿತು. ಒಂದು ಗಂಟೆಯಲ್ಲಿ 20 ಜನರು ಆಡುವ 60 ನಿಮಿಷದ ಮಾತು ಸರಿಯಾಗಿ ಒಂದು ಎರ್ಲಾಂಗ್.