ಬೆಟ್ಟಕ್ಕೆ ಮೆಟ್ಟಿಲು ಕಟ್ಟಿಸಿದ ದೊಡ್ಡದೇವರಾಜ ಒಡೆಯರು

ಚಾಮುಂಡಿ ಬೆಟ್ಟವನ್ನು ನಡೆದು ಹತ್ತುವ ಭಕ್ತರು ಮೊದಲು ನೆನೆಯಬೇಕಾದ್ದು ದೊಡ್ಡದೇವರಾಜ ಒಡೆಯರನ್ನು. ಇವರು 1659ರಲ್ಲಿ ಶ್ರೀರಂಗಪಟ್ಟಣದಲ್ಲಿ ಪಟ್ಟಕ್ಕೆ ಬಂದರು. ಬಂದದ್ದೇ ತಡ, ಬಿದನೂರಿನ ಶಿವಪ್ಪನಾಯಕನ ಸೈನ್ಯ ಪಟ್ಟಣವನ್ನು ಮುತ್ತಿತು. ಅಮ್ಮನವರ ದಯೆ, ರಾಜ್ಯ ಉಳಿಯಿತು. ಯುದ್ಧದ ಮಾತು ಇಷ್ಟು ಸಾಕು. ಸುಮಾರು 1000 ಕಲ್ಲು ಮೆಟ್ಟಿಲುಗಳನ್ನು ಕಟ್ಟಿಸಿದವರು ಇವರೇ. ಮುಕ್ಕಾಲು ದಾರಿ ಹತ್ತಿ ಏದುಸಿರು ಬಿಡೋ ಹೊತ್ತಿಗೆ ಎದುರಾಗುವ, ಒಂದೇ ಬಂಡೆಯಲ್ಲಿ ಕಡೆದ ಸುಮಾರು 15 ಅಡಿ ಎತ್ತರದ ನಂದಿಯೂ ಇವರ ಸೇವೆಯೇ. ಅದರ ಕೊರಳಿನ ಗಂಟೆ ಸರ ನೋಡದೆ ಮುಂದಕ್ಕೆ ಹೋಗಬೇಡಿ. ಒಡೆಯರು 1673ರಲ್ಲಿ ಕಾಲವಾದರು. ಈಗ ಮೇಲಿನ ತನಕ ಬಸ್ಸಿದೆ. ಆದರೂ ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುವ ಹೆಂಗಸರು, ವ್ಯಾಯಾಮಕ್ಕೆಂದು ನಸುಕಿನಲ್ಲೇ ಓಡಿ ಹತ್ತೋ ಮೈಸೂರಿನ ಹುಡುಗರು ಈ ದಾರಿ ಬಿಟ್ಟಿಲ್ಲ.